ನಿಮಗಿದು ಗೊತ್ತೇ? ಅಳತೆಯನ್ನೇ ಹೆಸರಾಗಿಸಿಕೊಂಡ ಕೊಳಲು

◆ ಜಪಾನಿನ ಹೆಸರಾಂತ ಬಿದಿರು ಕೊಳಲಿನ ಹೆಸರಿನಲ್ಲಿ ಬಿದಿರೂ ಇಲ್ಲ, ಕೊಳಲೂ ಇಲ್ಲ. ಇರುವುದು ಬರೀ ಅಳತೆ. ‘ಶಕು’ ಎಂದರೆ ಅಲ್ಲಿಯ ಹಳೆಯ ಅಡಿ, ‘ಹಚಿ’ ಎಂದರೆ ಎಂಟು. ಪೂರ್ತಿ ಹೇಳಿದರೆ ‘ಇಶ್ಶಕು ಹಸ್ಸುನ್’, ಅಂದರೆ ಒಂದು ಶಕು ಎಂಟು ಸುನ್. ಹತ್ತು ಸುನ್ ಸೇರಿದರೆ ಒಂದು ಶಕು. ಬಟ್ಟೆ ಅಂಗಡಿಯಲ್ಲಿ ‘ಎರಡೂಕಾಲು ಕೊಡಿ’ ಎಂದರೆ ಮೀಟರು ಎಂದು ಅಂಗಡಿಯವನೇ ಅರ್ಥ ಮಾಡಿಕೊಳ್ಳುವ ಹಾಗೆ, ಒಂದೂ ಸುನ್ನೂ ಬಾಯಿಂದ ಉದುರಿಹೋಗಿ ‘ಶಕುಹಚಿ’ ಉಳಿಯಿತು.

◆ ಒಂದು ಶಕು ಎಂದರೆ 30.3 ಸೆಂಟಿಮೀಟರ್. ನಮ್ಮ ಅಡಿಗಿಂತ ಕೂದಲೆಳೆಯಷ್ಟು ಗಿಡ್ಡ. ಹಾಗಾಗಿ ವಾದ್ಯದ ಉದ್ದ ಸುಮಾರು 54.5 ಸೆಂಟಿಮೀಟರ್. ಜಪಾನ್ ಮೆಟ್ರಿಕ್ ಪದ್ಧತಿಗೆ ಬಂದ ಮೇಲೆ ಶಕು ಲೆಕ್ಕದಲ್ಲಿ ವ್ಯಾಪಾರ ಮಾಡುವುದನ್ನು 1959ರಿಂದ ಕಾನೂನೇ ನಿಲ್ಲಿಸಿತು. ನಮ್ಮಲ್ಲಿ ಸೇರು, ಮಣ ಹೋಗಿ ಕಿಲೋ ಬಂದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕೊಳಲಿನ ಹೆಸರಿಗೆ ಮಾತ್ರ ಆ ಕಾನೂನು ತಟ್ಟಲಿಲ್ಲ.

◆ ಈ ಹೆಸರನ್ನು ಬರೆಯಲು ಆರೇ ಆರು ಗೆರೆ ಸಾಕು. ಶಕುವಿಗೆ ನಾಲ್ಕು, ಹಚಿಗೆ ಎರಡು.

◆ ಉದ್ದವೇ ಹೆಸರಾದ ಮೇಲೆ ಉದ್ದ ಬದಲಾದರೆ? ಹೆಸರು ಬದಲಾಗುವುದಿಲ್ಲ! 1 ಶಕು 6 ಸುನ್ ಉದ್ದದ್ದೂ ಶಕುಹಚಿಯೇ, 2 ಶಕು 4 ಸುನ್ ಉದ್ದದ್ದೂ ಶಕುಹಚಿಯೇ. ಅಂಗಡಿಗೆ ಹೋಗಿ ‘ಎರಡು ಶಕು ನಾಲ್ಕು ಸುನ್ನಿನ ಒಂದು ಶಕು ಎಂಟು ಸುನ್ ಕೊಡಿ’ ಎಂದು ಕೇಳಿದಂತಾಯಿತು. ಜಪಾನಿನಲ್ಲಿ ಯಾರೂ ನಗುವುದಿಲ್ಲ.

ನಮ್ಮ ಕರ್ನಾಟಕ ಸಂಗೀತದ ಕೊಳಲಿನವರು ಉದ್ದ ಹೇಳುವುದಿಲ್ಲ, ಶ್ರುತಿ ಹೇಳುತ್ತಾರೆ: ಎರಡು ಮನೆ ಕೊಳಲು, ಐದು ಮನೆ ಕೊಳಲು. ಆ ಲೆಕ್ಕಕ್ಕೆ ತಂದರೆ 1 ಶಕು 8 ಸುನ್ನಿನ ಶಕುಹಚಿ ಎರಡು ಮನೆಯದು, ಪಾಶ್ಚಾತ್ಯರ ‘ಡಿ’. 1 ಶಕು 6 ಸುನ್ನಿನದು ಮೂರು ಮನೆಯದು. 2 ಶಕು 4 ಸುನ್ನಿನದು ತಗ್ಗಿನ ಆರು ಮನೆಗೆ ಇಳಿಯುತ್ತದೆ.

◆ ಹೆಸರು ಹುಟ್ಟಿದ್ದು ಜಪಾನಿನಲ್ಲಿ ಅಲ್ಲ, ಚೀನಾದಲ್ಲಿ. 7ನೆಯ ಶತಮಾನದ ಮೊದಲ ಭಾಗದಲ್ಲಿ, ಟಾಂಗ್ ದೊರೆ ತೈಜೋಂಗನ ಆಸ್ಥಾನದಲ್ಲಿದ್ದ ಲ್ಯೂ ತ್ಸಾಯ್ ಎಂಬ ಪಂಡಿತ 12 ಸ್ವರಸ್ಥಾನಗಳಿಗೆ ಹೊಂದುವಂತೆ 12 ಕೊಳಲು ಮಾಡಿದನೆಂದು ಟಾಂಗ್ ವಂಶದ ಇತಿಹಾಸ ಹೇಳುತ್ತದೆ. ಹನ್ನೆರಡರ ಉದ್ದವೂ ಬೇರೆ ಬೇರೆ, ಹನ್ನೆರಡಕ್ಕೂ ಹೆಸರು ಒಂದೇ. ಅಂದರೆ ಉದ್ದಕ್ಕೂ ಹೆಸರಿಗೂ ತಾಳೆಯಾಗದ ಈ ತಮಾಷೆ ಮೊದಲ ದಿನದಿಂದಲೇ ಶುರುವಾಗಿದೆ.

◆ ಆ ಕಾಲದ ಎಂಟು ಶಕುಹಚಿಗಳು ಈಗಲೂ ಇವೆ. ಜಪಾನಿನ ನಾರಾ ನಗರದ ತೋದಾಯ್‌ಜಿ ದೇವಾಲಯಕ್ಕೆ ಸೇರಿದ್ದ ಶೋಸೋಯಿನ್ ಎಂಬ ಮರದ ಭಂಡಾರದಲ್ಲಿ ಅವು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿವೆ. ಚಕ್ರವರ್ತಿ ಶೋಮು ತೀರಿಕೊಂಡಾಗ, 756ರಲ್ಲಿ, ರಾಣಿ ಕೋಮ್ಯೋ ಅವನ ಮೆಚ್ಚಿನ ವಸ್ತುಗಳನ್ನೆಲ್ಲ ಬುದ್ಧನಿಗೆ ಒಪ್ಪಿಸಿದಾಗ ಈ ಭಂಡಾರ ರೂಪುಗೊಂಡಿತು. ಎಂಟರಲ್ಲಿ ಬಿದಿರಿನವೂ ಇವೆ, ಕಲ್ಲಿನವೂ ಇವೆ, ಆನೆದಂತದ್ದೂ ಇದೆ. ಕಲ್ಲಿಗೂ ದಂತಕ್ಕೂ ಗೆಣ್ಣು ಎಲ್ಲಿಂದ ಬರಬೇಕು? ಆದರೂ ಬಿದಿರಿನಂತೆಯೇ ಗೆಣ್ಣು ಕಾಣಬೇಕೆಂದು ಕೆತ್ತಿ ಮೂಡಿಸಿದ್ದಾರೆ.

ಇವುಗಳ ಉದ್ದ ಸುಮಾರು 34ರಿಂದ 44 ಸೆಂಟಿಮೀಟರ್. 54.5 ಎಲ್ಲಿ, ಇದೆಲ್ಲಿ? ಟಾಂಗ್ ಕಾಲದ ಗಿಡ್ಡ ಅಡಿ ಸುಮಾರು 24.5 ಸೆಂಟಿಮೀಟರ್. ಅದರ ಒಂದು ಪಾಯಿಂಟ್ ಎಂಟು ಪಟ್ಟು ಮಾಡಿ ನೋಡಿ, 44 ಬರುತ್ತದೆ. ಭಂಡಾರದಲ್ಲಿರುವ ಅತಿ ಉದ್ದದ ಕೊಳಲಿಗೆ ಸರಿಯಾಗಿ ಕೂರುತ್ತದೆ. ಅಡಿ ದೊಡ್ಡದಾಯಿತು, ಕೊಳಲೂ ಉದ್ದವಾಯಿತು, ಲೆಕ್ಕದ ಅಂಕಿ ಮಾತ್ರ ಹಾಗೆಯೇ ಇದೆ.

◆ ಆಗಿನದಕ್ಕೆ ಆರು ತೂತು, ಈಗಿನದಕ್ಕೆ ಐದು. ಮುಂದೆ ನಾಲ್ಕು, ಹಿಂದೆ ಹೆಬ್ಬೆರಳಿಗೆ ಒಂದು. ನಮ್ಮ ಕೊಳಲಿನಂತೆ ಅಡ್ಡ ಹಿಡಿಯುವುದಿಲ್ಲ. ನೆಟ್ಟಗೆ ಹಿಡಿದು, ಮೇಲಿನ ತುದಿಯ ಅಂಚಿಗೆ ತುಟಿ ತಾಗಿಸಿ ಊದುತ್ತಾರೆ.

◆ ಈಗ ಹೆಸರಿನ ಪ್ರಯಾಣಕ್ಕೆ ಬರೋಣ. ಈ ಅಂಕಣದಲ್ಲಿ ನನಗೆ ಬಲು ಪ್ರೀತಿಯ ಭಾಗ ಇದೇ, ಸ್ವಲ್ಪ ಎಳೆದರೆ ಬೇಸರಿಸಬೇಡಿ. ಅದೇ ಎರಡು ಚೀನೀ ಅಕ್ಷರಗಳನ್ನು ಚೀನಾ, ಕೊರಿಯಾ, ವಿಯೆಟ್ನಾಮ್, ಜಪಾನ್ ನಾಲ್ಕೂ ಕಡೆ ಓದುತ್ತಾರೆ, ಆದರೆ ಅವರವರ ಬಾಯಲ್ಲಿ. ಬೀಜಿಂಗಿನವರು ‘ಛಿಪಾ’ ಎನ್ನುತ್ತಾರೆ (ರೋಮನ್ ಲಿಪಿಯಲ್ಲಿ ಅಲ್ಲಿ ಬಕಾರ ಕಾಣುತ್ತದೆ, ಕಿವಿಗೆ ಕೇಳುವುದು ಅಲ್ಪಪ್ರಾಣ ಪಕಾರ). ಹಾಂಗ್‌ಕಾಂಗಿನ ಕ್ಯಾಂಟನೀಸಿನಲ್ಲಿ ‘ಛೆಕ್‌ಪಾತ್’. ಕೊರಿಯನ್ ಓದು ‘ಛೊಕ್‌ಪಲ್’. ವಿಯೆಟ್ನಾಮಿಯರದು ‘ಸಿಕ್‌ಬಾತ್’.

ಸಾಲಾಗಿ ಹೇಳಿಕೊಂಡು ನೋಡಿ. ಕ್ಯಾಂಟನೀಸಿನಲ್ಲಿ ಮೊದಲ ಪದ ಕಕಾರಕ್ಕೆ ಮುಗಿಯುತ್ತದೆ, ಎರಡನೆಯದು ತಕಾರಕ್ಕೆ. ಹಳೆಯ ಚೀನೀ ಭಾಷೆಯ ಉಚ್ಚಾರ ಹಾಗೇ ಇತ್ತು. ಬೀಜಿಂಗಿನ ಮಾತು ಆ ಎರಡೂ ಕೊನೆಯ ವ್ಯಂಜನಗಳನ್ನು ನುಂಗಿಬಿಟ್ಟಿತು. ಕೊರಿಯನ್ನರು ತಕಾರವನ್ನು ಲಕಾರ ಮಾಡಿಕೊಂಡರು. ನಕಾರವೊಂದನ್ನು ಬಿಟ್ಟರೆ ಜಪಾನಿಗಳಿಗೆ ವ್ಯಂಜನದ ಮೇಲೆ ಮಾತು ನಿಲ್ಲಿಸುವುದೇ ಆಗದು, ಅದಕ್ಕೆ ಕೊನೆಗೊಂದು ಸ್ವರ ಅಂಟಿಸಿಕೊಂಡರು: ಶಕ್ ಎಂಬುದು ‘ಶಕು’, ಪತ್ ಎಂಬುದು ‘ಪತಿ’, ಕೊನೆಗೆ ‘ಹಚಿ’. ನಗಬೇಡಿ, ನಾವು ಮಾಡುವುದೂ ಅದೇ. ಬಸ್ ನಮಗೆ ಬಸ್ಸು, ಬೆಂಚ್ ಬೆಂಚು, ಕಾರ್ ಕಾರು, ಬ್ಯಾಂಕ್ ಬ್ಯಾಂಕು. ಇಂಗ್ಲಿಷಿನವರು ಬಿಟ್ಟುಹೋದ ಮಾತಿಗೆ ಬಾಲ ಕಟ್ಟುವ ಕೆಲಸವನ್ನು ನಾವು ಮಾಡುತ್ತಿರುವ ಹಾಗೆಯೇ ಚೀನೀಯರ ಮಾತಿಗೆ ಅವರು ಬಾಲ ಕಟ್ಟಿದರು.

◆ ಇನ್ನೊಂದು ಚೋದ್ಯ. ಛಿಪಾ, ಛೆಕ್‌ಪಾತ್, ಛೊಕ್‌ಪಲ್, ಸಿಕ್‌ಬಾತ್: ಎಲ್ಲದರ ನಡುವೆಯೂ ಪ ಅಥವಾ ಬ ಕೂತಿದೆ. ಜಪಾನಿಗೆ ಮಾತ್ರ ಹಕಾರ ಎಲ್ಲಿಂದ ಬಂತು? ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಪಾಲು ಹಾಲಾಯಿತು, ಪಾವು ಹಾವಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು. ತಮಿಳರು ಇಂದಿಗೂ ಪಾಲು, ಪತ್ತು ಎನ್ನುತ್ತಿದ್ದಾರೆ. ಹಳೆಯ ಜಪಾನಿಯ ಪಕಾರವೂ ಹೀಗೇ ಜಾರಿತು. ಪಕಾರ ಮೊದಲು ತುಟಿಯಂಚಿನ ಫಕಾರವಾಗಿ, ಆಮೇಲೆ ಹಕಾರವಾಯಿತು. ಪತಿ, ಫತಿ, ಹಚಿ.

ಹಳೆಯ ಪಕಾರ ಪೂರಾ ಸತ್ತಿಲ್ಲ, ಆಗಾಗ ತಲೆ ಎತ್ತುತ್ತದೆ. ಜಪಾನಿಯಲ್ಲಿ ನೂರಕ್ಕೆ ‘ಹ್ಯಕು’. ಆದರೆ ಎಂಟುನೂರು ‘ಹಪ್ಪ್ಯಕು’.

◆ ಈ ಜಾರುದಾರಿಯ ನಡುವಿನ ಹಂತವನ್ನು ಬರೆದಿಟ್ಟವರು ಯಾರು ಗೊತ್ತೇ? ಪೋರ್ಚುಗೀಸ್ ಪಾದ್ರಿಗಳು. 1603ರಲ್ಲಿ ಜೆಸುಯಿಟರು ನಾಗಸಾಕಿಯಲ್ಲಿ ಜಪಾನಿ–ಪೋರ್ಚುಗೀಸ್ ನಿಘಂಟೊಂದನ್ನು ಅಚ್ಚು ಹಾಕಿಸಿದರು. ಮಂಗಳೂರಿನಲ್ಲಿ ಕಿಟೆಲರ ಕನ್ನಡ ನಿಘಂಟು ಬರಲು ಇನ್ನೂ ಮುನ್ನೂರು ವರ್ಷ ಇತ್ತು ಅನ್ನಿ. ಆ ಪಾದ್ರಿಗಳು ಶಕಾರಕ್ಕೆ ಪೋರ್ಚುಗೀಸರ ‘ಎಕ್ಸ್’ ಅಕ್ಷರ ಬಳಸಿದರು. ಜಪಾನಿಗಳು ಇಂದು ಹಕಾರ ನುಡಿಯುವ ಕಡೆಯೆಲ್ಲ ‘ಎಫ್’ ಬರೆದರು. ಅವರ ಕ್ರಮದಲ್ಲಿ ನಮ್ಮ ಕೊಳಲು ‘ಶಕುಫಚಿ’. ಕಿವಿಗೆ ಬಿದ್ದಂತೆ ಬರೆದರು, ನಾನೂರು ವರ್ಷದ ಮೇಲೆ ಭಾಷಾಶಾಸ್ತ್ರಜ್ಞರಿಗೆ ಅದು ಸಾಕ್ಷಿಯಾಯಿತು.

◆ ಚೀನಾದಲ್ಲಿ ಈ ಹೆಸರು ಬಹುಪಾಲು ಮರೆತುಹೋಯಿತು. ನೆಟ್ಟಗೆ ಹಿಡಿದು ಊದುವ ಬಿದಿರ ಕೊಳಲು ಅಲ್ಲಿ ‘ಶ್ಯಾವ್’ ಅಥವಾ ‘ದೊಂಗ್‌ಶ್ಯಾವ್’ ಆಯಿತು. ಆದರೆ ಕರಾವಳಿಯ ಫುಜಿಯಾನ್ ಪ್ರಾಂತ್ಯದಲ್ಲಿ ನಾನ್‌ಯಿನ್ ಎಂಬ ಪ್ರಾಚೀನ ಸಂಗೀತ ಉಳಿದಿದೆ. ಅದರಲ್ಲಿ ನುಡಿಸುವ ಕೊಳಲನ್ನು ಅಲ್ಲಿಯವರು ಈಗಲೂ ಹಳೆಯ ‘ಅಡಿ-ಎಂಟು’ ಹೆಸರಿನಿಂದಲೇ ಕರೆಯುವುದುಂಟು. ಕೊರಿಯಾದಲ್ಲಿ ಇದರ ದಾಯಾದಿಗಳು ‘ತುಂಗ್ಸೊ’ ಮತ್ತು ‘ದಾನ್ಸೊ’. ದಾನ್ಸೊ ಎಂದರೆ ಗಿಡ್ಡ ಕೊಳಲು ಎಂದೇ ಅರ್ಥ, ಅಲ್ಲಿಯ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಜಪಾನಿನ ವಾದ್ಯವನ್ನೇ ಹೇಳಬೇಕಾದಾಗ ಕೊರಿಯನ್ನರು ತಮ್ಮ ಓದನ್ನು ಬಿಟ್ಟು ‘ಶ್ಯಾಕುಹಾಚಿ’ ಎಂದು ಜಪಾನಿ ಉಚ್ಚಾರವನ್ನೇ ಬರೆಯುತ್ತಾರೆ. ಪರರ ವಾದ್ಯಕ್ಕೆ ಪರರ ಉಚ್ಚಾರ, ಒಳ್ಳೆಯ ಮರ್ಯಾದೆಯೇ.

◆ ಉಳಿದ ಲೋಕ ಅಕ್ಷರ ನೋಡಲಿಲ್ಲ, ಸದ್ದು ಕೇಳಿತು. ಕೇಳಿದ ಸದ್ದನ್ನು ತನ್ನ ಲಿಪಿಗೆ ಇಳಿಸಿಕೊಳ್ಳಲು ಒಬ್ಬೊಬ್ಬರೂ ಒಂದೊಂದು ಪಾಡು ಪಟ್ಟರು.

ಅರಬ್ಬಿಯಲ್ಲಿ ಚಕಾರವಿಲ್ಲ. ತಕಾರ, ಶಕಾರ ಪಕ್ಕಪಕ್ಕ ಇಟ್ಟು ‘ತ್‌ಶಿ’ ಎಂದು ಸಂಭಾಳಿಸುತ್ತಾರೆ. ಪಕ್ಕದ ಪಾರ್ಸಿಗೆ ಆ ತೊಂದರೆಯಿಲ್ಲ, ಅದೇ ಲಿಪಿಗೆ ಮೂರು ಚುಕ್ಕಿ ಸೇರಿಸಿ ಎಂದೋ ಚಕಾರ ಮಾಡಿಕೊಂಡಿದೆ. ಹೀಬ್ರೂನಲ್ಲಿ ತ್ಸಕಾರದ ಪಕ್ಕ ಒಂದು ಸಣ್ಣ ಗೀರು ಹಾಕಿದರೆ ಚಕಾರ. ಗ್ರೀಕರಿಗೆ ಶಕಾರವೂ ಇಲ್ಲ, ಚಕಾರವೂ ಇಲ್ಲ. ಅವರ ಬಾಯಲ್ಲಿ ಅದು ‘ಸಕುಖಾತ್ಸಿ’. ಥಾಯ್ ಭಾಷೆಗೆ ಶಕಾರ ಗೊತ್ತಿಲ್ಲ, ಅಲ್ಲಿ ಚಕಾರದ ಬಳಗದ ಅಕ್ಷರದಿಂದಲೇ ಮೊದಲಾಗಬೇಕು. ಫ್ರೆಂಚರು ಹಕಾರವನ್ನು ಬರೆಯುತ್ತಾರೆ, ಹೇಳುವುದಿಲ್ಲ. ತಮಿಳಿನಲ್ಲಿ ಬರೆಯಬೇಕೆಂದರೆ ಹಕಾರಕ್ಕೆ ಗ್ರಂಥ ಲಿಪಿಯಿಂದ ಸಾಲ ತರಬೇಕು.

ಹಂಗೇರಿಯವರು ತಮ್ಮ ಕಾಗುಣಿತದಂತೆ ಬರೆದುಕೊಂಡದ್ದನ್ನು ಇಂಗ್ಲಿಷ್ ಬಲ್ಲವರು ಓದಿದರೆ ‘ಸಕುಹಕ್ಸಿ’ ಎಂದಾರು. ತಪ್ಪು ಓದಿದವರದು: ಹಂಗೇರಿಯನ್ನಿನಲ್ಲಿ ಬರೀ ‘ಎಸ್’ ಎಂದರೆ ಶಕಾರ, ‘ಸಿ’ ಮತ್ತು ‘ಎಸ್’ ಕೂಡಿದರೆ ಚಕಾರ. ಚೆಕ್ಕರು ‘ಎಸ್’ ತಲೆಗೂ ‘ಸಿ’ ತಲೆಗೂ ಪುಟ್ಟ ಟೋಪಿ ಇಟ್ಟು ಎರಡೇ ಅಕ್ಷರದಲ್ಲಿ ಕೆಲಸ ಮುಗಿಸಿದ್ದಾರೆ. ಅಂದವಾಗಿ ಕಾಣುವುದು ಚೆಕ್ಕರದ್ದೇ ಎಂದು ನನ್ನ ಮತ.

◆ ರಷ್ಯನ್ ಭಾಷೆಯಲ್ಲಿ ಶಕಾರವೂ ಇದೆ, ಚಕಾರವೂ ಇದೆ. ಆದರೂ ರಷ್ಯನ್ನರು ಬರೆಯುವುದು ‘ಸ್ಯಾಕುಖಾತಿ’! ಕಾರಣ ಯೆವ್ಗೆನಿ ಪೊಲಿವಾನೊವ್ ಎಂಬ ಭಾಷಾಪಂಡಿತ. ಜಪಾನಿಯನ್ನು ರಷ್ಯನ್ ಲಿಪಿಗೆ ಇಳಿಸಲು ಅವನು 1917ರಲ್ಲಿ ಮಾಡಿದ ಪದ್ಧತಿಯಲ್ಲಿ ಶಿ ಎಂಬುದು ಸಿ, ಚಿ ಎಂಬುದು ತಿ. ರಷ್ಯನ್ನರು ಅದನ್ನೇ ಹಿಡಿದುಕೊಂಡರು. ಬಲ್ಗೇರಿಯನ್ನರು ಅದೇ ಸಿರಿಲಿಕ್ ಲಿಪಿಯಲ್ಲಿ, ಕೇಳಿದಂತೆ, ಶಕಾರ ಚಕಾರ ಹಾಕಿಯೇ ಬರೆಯುತ್ತಾರೆ.

ಪೊಲಿವಾನೊವನನ್ನು ದೂರಬೇಡಿ. ಜಪಾನ್ ಸರ್ಕಾರವೇ 1954ರಲ್ಲಿ ಹೊರಡಿಸಿದ ರೋಮನ್ ಬರಹದ ಆದೇಶದ ಪ್ರಕಾರ ಈ ಪದವನ್ನು ಬರೆದರೆ, ಅಕ್ಷರಕ್ಕೆ ಅಕ್ಷರ ಓದಿದಾಗ, ‘ಸ್ಯಕುಹತಿ’ ಆಗುತ್ತದೆ. ಜಪಾನಿಗಳ ವರ್ಣಮಾಲೆಯಲ್ಲಿ ‘ಚಿ’ ಇರುವುದು ತಕಾರದ ಸಾಲಿನಲ್ಲಿ: ತ, ಚಿ, ತ್ಸು, ತೆ, ತೊ. ಅವರ ಕಣ್ಣಿಗೆ ತಿ ಮತ್ತು ಚಿ ಒಂದೇ ಮನೆಯವು. ಜಗತ್ತಿಗೆ ಇಂದು ಪರಿಚಯವಿರುವ ಕಾಗುಣಿತ ಅಮೆರಿಕದ ವೈದ್ಯ ಮಿಷನರಿ ಹೆಪ್‌ಬರ್ನನ ನಿಘಂಟಿನಿಂದ ಹಬ್ಬಿದ್ದು.

◆ ಜರ್ಮನರಿಗೆ ಶಕುಹಚಿ ಹೆಣ್ಣು, ಫ್ರೆಂಚರಿಗೆ ಗಂಡು. ಕನ್ನಡಕ್ಕೆ ನಪುಂಸಕ. ಇಕಾರದಲ್ಲಿ ಮುಗಿಯುವುದರಿಂದ ನಮ್ಮಲ್ಲಿ ವಿಭಕ್ತಿ ಹಚ್ಚುವುದೂ ಸಲೀಸು. ಯಕಾರಾಗಮ ಆಗಿ ಶಕುಹಚಿಯನ್ನು, ಶಕುಹಚಿಯಿಂದ, ಶಕುಹಚಿಯ ಎಂದು ಗಿಳಿಯ ಹಾಗೆ, ನವಿಲುಗರಿಯ ಹಾಗೆ ಸಾಗುತ್ತದೆ.

◆ ಕನ್ನಡದಲ್ಲಿ ಇದನ್ನು ‘ಶಾಕುಹಾಚಿ’ ಎಂದು ದೀರ್ಘ ಹಾಕಿ ಬರೆಯುವವರಿದ್ದಾರೆ. ಆ ದೀರ್ಘ ಜಪಾನಿನದಲ್ಲ, ಇಂಗ್ಲಿಷ್ ನಾಲಿಗೆಯದು. ಜಪಾನಿಗಳು ಶ, ಕು, ಹ, ಚಿ ಎಂದು ನಾಲ್ಕನ್ನೂ ಹ್ರಸ್ವವಾಗಿ, ಒಂದೇ ತೂಕದಲ್ಲಿ ಹೇಳುತ್ತಾರೆ. ‘ಕು’ವಿನ ಉಕಾರ ಎಷ್ಟೋ ಸಲ ಬರೀ ಉಸಿರಾಗಿ ತೇಲಿಹೋಗುತ್ತದೆ. ಅವರು ಮಾತನ್ನು ಅಳೆಯುವುದೇ ಮಾತ್ರೆಯಲ್ಲಿ. ಛಂದಸ್ಸು ಓದಿದ ಕನ್ನಡಿಗರು ಕೂಡಲೇ ಪ್ರಸ್ತಾರ ಹಾಕಿಯಾರು: ನಾಲ್ಕು ಲಘು, ನಾಲ್ಕು ಮಾತ್ರೆ, ಕಂದಪದ್ಯದ ಒಂದು ಗಣ. ಸ್ವರ ಗಿಡ್ಡವೋ ಉದ್ದವೋ ಎಂದು ತೋರಿಸಲು ಹೆಪ್‌ಬರ್ನನ ಪದ್ಧತಿಗೆ ತಲೆಯ ಮೇಲೊಂದು ಗೆರೆ ಬೇಕು. ನಮಗೆ ಇಳಿ ಸಾಕು, ಅದೂ ಇಲ್ಲಿ ಬೇಡ. ಅದಕ್ಕೇ ನಾನು ಇಲ್ಲಿ ‘ಶಕುಹಚಿ’ ಎಂದೇ ಬರೆದಿದ್ದೇನೆ.

◆ ಜಪಾನಿಯಲ್ಲಿ ಕೊಳಲಿಗೆ ಸಾಮಾನ್ಯ ಪದ ‘ಫುಎ’. ಅಡ್ಡ ಕೊಳಲುಗಳಿಗೆ ಚಂದದ ಹೆಸರುಗಳಿವೆ. ಆಸ್ಥಾನ ಸಂಗೀತದ ‘ರ್ಯೂತೆಕಿ’ ಎಂದರೆ ಡ್ರ್ಯಾಗನ್ ಕೊಳಲು. ‘ಕೊಮಬುಎ’ಯಲ್ಲಿ ಕೊರಿಯಾದ ಹಳೆಯ ರಾಜ್ಯವೊಂದರ ಹೆಸರು ಅಡಗಿದೆ. ಇವುಗಳ ನಡುವೆ ಶಕುಹಚಿ ಎಂಬುದು ದರ್ಜಿಯ ಚೀಟಿಯಲ್ಲಿ ಬರೆದಿಟ್ಟಂತೆ ಒಣಕಲು.

◆ ಆಡುಮಾತಿನಲ್ಲಿ ಈ ಪದಕ್ಕೆ ಒಂದು ಪೋಲಿ ಅರ್ಥವೂ ಇದೆ. ಜಪಾನಿ ಗೆಳೆಯರ ಎದುರು ಜೋರಾಗಿ ಹೇಳಿ ಅವರು ಮುಸಿಮುಸಿ ನಕ್ಕರೆ ಆಶ್ಚರ್ಯಪಡಬೇಡಿ. ಮನೆಮಂದಿಯೆಲ್ಲ ಓದುವ ಅಂಕಣ, ಮುಂದಿನದಕ್ಕೆ ಹೋಗೋಣ.

◆ ಟಾಂಗ್ ಮಾದರಿಯ ಶಕುಹಚಿ ಜಪಾನಿನ ಆಸ್ಥಾನದಿಂದ ಕ್ರಮೇಣ ಮಾಯವಾದ ಮೇಲೆ ಬಂದದ್ದು ‘ಹಿತೊಯೊಗಿರಿ’. ಹಿತೊ ಎಂದರೆ ಒಂದು, ಯೊ ಎಂದರೆ ಗೆಣ್ಣು, ಗಿರಿ ಎಂದರೆ ಕತ್ತರಿಸಿದ್ದು. ಒಂದೇ ಗೆಣ್ಣಿನ, ಸುಮಾರು ಒಂದಡಿ ಉದ್ದದ ಸಣ್ಣ ಕೊಳಲು. ದಕ್ಷಿಣದ ಸತ್ಸುಮಾ ಸೀಮೆಯಲ್ಲಿ ಇನ್ನೂ ಪುಟ್ಟದೊಂದಿತ್ತು, ಹೆಸರು ‘ತೆಂಪುಕು’, ಆಕಾಶದ ಊದು ಎಂಬಂಥ ಅರ್ಥ. ಕೆಲಸಕ್ಕೆ ಬಾರದ ಅಳತೆಯ ಹೆಸರೇ ಗೆದ್ದು, ಆಕಾಶ ಸೋತದ್ದು ನನಗಂತೂ ಬೇಸರವೇ.

◆ ನುಡಿಸುವವರು ತಮ್ಮತಮ್ಮಲ್ಲಿ ಅದನ್ನು ಶಕುಹಚಿ ಎನ್ನುವುದಕ್ಕಿಂತ ‘ತಕೆ’ ಎನ್ನುವುದೇ ಹೆಚ್ಚು. ತಕೆ ಎಂದರೆ ಬಿದಿರು.

◆ ಇಂದು ನಾವು ಕಾಣುವ, ಬುಡದ ಬೇರುಗುರುತು ಉಳಿಸಿಕೊಂಡ ದಪ್ಪ ಕೊಳಲನ್ನು ಬೆಳೆಸಿದವರು ಫುಕೆ ಪಂಥದ ಝೆನ್ ಭಿಕ್ಷುಗಳು. ‘ಫುಕೆ’ ಎಂಬುದು ಪುಹ್ವಾ ಎಂಬ ಟಾಂಗ್ ಕಾಲದ ಚೀನೀ ಸನ್ಯಾಸಿಯ ಹೆಸರು. ಮತ್ತದೇ ಪಕಾರ, ಇಲ್ಲಿ ಫಕಾರದ ಮೆಟ್ಟಿಲಲ್ಲೇ ನಿಂತಿದೆ. ಪುಹ್ವಾ ಬೀದಿಯಲ್ಲಿ ಗಂಟೆ ಬಾರಿಸುತ್ತ ತಿರುಗುತ್ತಿದ್ದನಂತೆ. ಆ ಗಂಟೆಯ ನಾದವನ್ನು ಶಿಷ್ಯನೊಬ್ಬ ಬಿದಿರಿನಲ್ಲಿ ಹಿಡಿದನಂತೆ. ಅದರಿಂದ ಕೊಳಲಿಗೆ ‘ಕ್ಯೊತಕು’ ಎಂಬ ಇನ್ನೊಂದು ಹೆಸರು: ಬರಿದು ಗಂಟೆ. ಈ ಕಥೆ ಹೇಳುವ ಗ್ರಂಥ ಅಚ್ಚಾದದ್ದು 1795ರಲ್ಲಿ, ಪುಹ್ವಾ ಬದುಕಿದ್ದು 9ನೆಯ ಶತಮಾನದಲ್ಲಿ. ನಡುವೆ ಒಂಬೈನೂರು ವರ್ಷ. ಇತಿಹಾಸಕಾರರು ಕಥೆಯನ್ನು ಕಥೆಯಾಗಿಯೇ ಓದುತ್ತಾರೆ.

◆ ಆ ಭಿಕ್ಷುಗಳಿಗೆ ‘ಕೊಮುಸೊ’ ಎಂಬ ಹೆಸರು. ಶೂನ್ಯದ ಸನ್ಯಾಸಿಗಳು ಎಂದು ಅರ್ಥ. ಅದಕ್ಕೂ ಮೊದಲು ಹೀಗೆ ಊದುತ್ತ ತಿರುಗುವವರನ್ನು ‘ಕೊಮೊಸೊ’ ಎನ್ನುತ್ತಿದ್ದರು. ಕೊಮೊ ಎಂದರೆ ಹುಲ್ಲಿನ ಚಾಪೆ. ಮಲಗಲು ಚಾಪೆ ಹೊತ್ತು ತಿರುಗುವ ಬಡ ಭಿಕ್ಷುಕರು. ಒಂದು ಒಕಾರ ಉಕಾರವಾದದ್ದೇ ತಡ, ಚಾಪೆ ಶೂನ್ಯವಾಯಿತು! ಇಷ್ಟು ಅಗ್ಗದ ಬಡ್ತಿ ಇನ್ನಾರಿಗೆ ಸಿಕ್ಕೀತು?

◆ ತಲೆಯನ್ನು ಪೂರ್ತಿ ಮುಚ್ಚುವ ಬುಟ್ಟಿಯಂಥ ಟೋಪಿ ಇವರ ಗುರುತು. ಅದರ ಹೆಸರು ‘ತೆಂಗಾಯ್’. ಕನ್ನಡಿಗರ ಕಿವಿಗೆ ತೆಂಗಿನಕಾಯಿ ಕೇಳಿಸಿದರೆ ಅದು ಬರೀ ಕಾಕತಾಳೀಯ. ತೊಕುಗಾವ ವಂಶ ಆಳಿದ ಎಡೋ ಕಾಲದಲ್ಲಿ ಈ ಪಂಥಕ್ಕೆ ಸೇರಿದವರಲ್ಲಿ ಒಡೆಯನಿಲ್ಲದ ಸಮುರಾಯಿಗಳು ಬಹಳ. 1614ರಲ್ಲಿ ತೊಕುಗಾವ ದೊರೆಯೇ ತಮಗೆ ವಿಶೇಷ ಹಕ್ಕುಗಳನ್ನು ಕೊಟ್ಟ ಎಂದು ಅವರು ಒಂದು ಸನ್ನದು ತೋರಿಸುತ್ತಿದ್ದರು. ಅದು ಸುಳ್ಳು ದಾಖಲೆ ಎಂಬುದು ಇಂದಿನ ಇತಿಹಾಸಕಾರರ ಅಭಿಪ್ರಾಯ. ತೊಕುಗಾವರ ನಂತರ ಬಂದ ಮೇಜಿ ಸರ್ಕಾರ 1871ರಲ್ಲಿ ಪಂಥವನ್ನೇ ರದ್ದು ಮಾಡಿತು.

◆ ಫುಕೆ ಭಿಕ್ಷುಗಳ ಪ್ರಕಾರ ಶಕುಹಚಿ ವಾದ್ಯವೇ ಅಲ್ಲ. ವಾದ್ಯಕ್ಕೆ ಜಪಾನಿಯಲ್ಲಿ ‘ಗಕ್ಕಿ’. ಅವರು ಹೇಳುತ್ತಿದ್ದುದು ‘ಹೋಕಿ’, ಧರ್ಮದ ಸಾಧನ. ನುಡಿಸುವುದು ‘ಸುಯ್‌ಝೆನ್’, ಊದುವ ಝೆನ್, ಅಂದರೆ ಉಸಿರಿನ ಧ್ಯಾನ. 20ನೆಯ ಶತಮಾನದ ವಾದಕ ವಾತಝುಮಿ ದೋಸೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳಗೆ ಲೇಪವಿಲ್ಲದ ತನ್ನ ಹಸಿ ಬಿದಿರನ್ನು ‘ಹೊಚ್ಚಿಕು’ ಎಂದ: ಧರ್ಮದ ಬಿದಿರು. ಶಕುಹಚಿ ಎಂದರೆ ಅವನಿಗೆ ಹಿಡಿಸುತ್ತಿರಲಿಲ್ಲ.

◆ ಕ್ಯೋಟೋದಲ್ಲಿರುವ ಪಂಥದ ಹೆಸರುವಾಸಿ ಗುಡಿಯನ್ನು ‘ಮ್ಯೋಆನ್‌ಜಿ’ ಎಂದೂ ‘ಮೇಆನ್‌ಜಿ’ ಎಂದೂ ಕರೆಯುತ್ತಾರೆ. ಅಕ್ಷರ ಒಂದೇ, ಓದು ಎರಡು. ಅರ್ಥ: ಬೆಳಕು-ಕತ್ತಲೆ.

◆ ಕೊಮುಸೊ ಭಿಕ್ಷು ಕುರೊಸಾವಾ ಕಿಂಕೊ (1710–1771) ಊರೂರು ತಿರುಗಿ ಗುಡಿಗಳಲ್ಲಿ ನುಡಿಸುತ್ತಿದ್ದ ಕೃತಿಗಳನ್ನು ಕೂಡಿಹಾಕಿ 36ರ ಕಟ್ಟು ಮಾಡಿದ. ಅವನ ಪರಂಪರೆಗೆ ಅವನದೇ ಹೆಸರು, ಕಿಂಕೊ. ತಮಾಷೆಯೆಂದರೆ ಆ ಹೆಸರಿನ ಮೊದಲ ಅಕ್ಷರ ‘ಕೊತೊ’ ಎಂಬ ತಂತಿವಾದ್ಯದ್ದು. ಶಕುಹಚಿಯ ದೊಡ್ಡ ಮನೆತನಕ್ಕೆ ತಂತಿವಾದ್ಯದ ಹೆಸರು! ಇನ್ನೊಂದು ದೊಡ್ಡ ಪರಂಪರೆ ತೊಝಾನ್, 1896ರಲ್ಲಿ ಒಸಾಕಾದಲ್ಲಿ ನಾಕಾವೊ ತೊಝಾನ್ ಕಟ್ಟಿದ್ದು. ಇವರ ಶಿಷ್ಯರ ಕಲಾನಾಮ ‘ಝಾನ್’ ಎಂದು ಮುಗಿಯುತ್ತದೆ: ಹೋಝಾನ್, ಕಾಯ್‌ಝಾನ್. ಝಾನ್ ಎಂದರೆ ಬೆಟ್ಟ. ಕಾಯ್‌ಝಾನ್ ಎಂಬ ಹೆಸರು ಪಡೆದವರು ಅಮೆರಿಕನ್ ವಾದಕ ಜಾನ್ ನೆಪ್ಚೂನ್. ಅರ್ಥ ಕಡಲು-ಬೆಟ್ಟ. ನೆಪ್ಚೂನ್ ರೋಮನರ ಕಡಲ ದೇವರು ಎಂಬುದನ್ನು ಗುರುಗಳು ಬಲ್ಲವರೇ ಇರಬೇಕು.

◆ ಊದುವ ಅಂಚಿಗೆ ‘ಉತಗುಚಿ’, ಹಾಡುಬಾಯಿ. ಸವೆಯದಿರಲೆಂದು ಅಲ್ಲಿ ಎಮ್ಮೆಕೊಂಬಿನ ಚೂರು ಕೂರಿಸುತ್ತಾರೆ. ಚೂರಿಗೆ ಕೋನಗಳಿದ್ದರೆ ಕಿಂಕೊ ಮನೆಯದು, ಬಾಲಚಂದ್ರನ ಹಾಗಿದ್ದರೆ ತೊಝಾನ್ ಮನೆಯದು. ದೂರದಿಂದಲೇ ಗೋತ್ರ ಪತ್ತೆಯಾಗುತ್ತದೆ.

◆ ಸ್ವರಗಳಿಗೆ ರೊ, ತ್ಸು, ರೆ, ಚಿ, ರಿ ಎಂದು ಹೆಸರು. ಕೊನೆಯದನ್ನು ತೊಝಾನಿನವರು ‘ಹ’ ಎನ್ನುತ್ತಾರೆ. ಎಲ್ಲ ತೂತು ಮುಚ್ಚಿದ ‘ರೊ’ವನ್ನು ಷಡ್ಜವೆಂದುಕೊಂಡು ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತ ಹೋದರೆ ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ ಬರುತ್ತವೆ. ಸಂಗೀತ ಬಲ್ಲವರು ಇಷ್ಟರಲ್ಲೇ ತಲೆದೂಗಿರುತ್ತಾರೆ: ಶುದ್ಧ ಧನ್ಯಾಸಿ. ಧಾರವಾಡದ ಕಡೆಯವರಿಗೆ ಧಾನಿ. ಆದರೆ ಶಕುಹಚಿ ಕೇಳಿದಾಗ ಧನ್ಯಾಸಿಯ ಹುರುಪು ಕಾಣುವುದಿಲ್ಲ. ಗುಡಿಯ ಕೃತಿಗಳಲ್ಲಿ ನಡುನಡುವೆ ಇಳಿಸಿದ ಸ್ವರಗಳೇ ಹೆಚ್ಚು, ಕೆಲವೆಡೆ ಗುಣಕ್ರಿಯ ನೆರಳು ಸುಳಿಯುತ್ತದೆ.

ಆ ಇಳಿಕೆ ಬೆರಳಿನದಲ್ಲ, ಕತ್ತಿನದು. ಗಲ್ಲ ತಗ್ಗಿಸಿದರೆ ಸ್ವರ ಇಳಿಯುತ್ತದೆ, ಅದು ‘ಮೆರಿ’. ಎತ್ತಿದರೆ ಏರುತ್ತದೆ, ಅದು ‘ಕರಿ’. ಕತ್ತು ಆಡಿಸಲು ಮೂರು ವರ್ಷ, ‘ಕೊರೊಕೊರೊ’ ಎಂಬ ಕಂಪನದ ಸ್ವರ ನುಡಿಸಲು ಎಂಟು ವರ್ಷ ಎಂದು ಅಲ್ಲಿ ಗಾದೆಯೇ ಇದೆ.

◆ ಜಪಾನಿನ ಸಂಗೀತ ರಚನಕಾರ ತೋರು ತಕೆಮಿತ್ಸು ಅವರ ‘ನವೆಂಬರ್ ಸ್ಟೆಪ್ಸ್’ ಕೃತಿಯಲ್ಲಿ ಶಕುಹಚಿ, ಬಿವಾ ಎಂಬ ತಂತಿವಾದ್ಯ ಮತ್ತು ಪಾಶ್ಚಾತ್ಯ ವಾದ್ಯವೃಂದ ಎದುರುಬದುರಾಗುತ್ತವೆ. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಅದನ್ನು ಮೊದಲು ನುಡಿಸಿದ್ದು 1967ರ ನವೆಂಬರಿನಲ್ಲಿ, ಸೇಜಿ ಒಜಾವಾ ನೇತೃತ್ವದಲ್ಲಿ. ಶಕುಹಚಿ ಕತ್ಸುಯಾ ಯೊಕೊಯಾಮಾ ಅವರದು. ಕೃತಿಯಲ್ಲಿ ಹನ್ನೊಂದು ಹೆಜ್ಜೆ, ನವೆಂಬರ್ ಹನ್ನೊಂದನೆಯ ತಿಂಗಳು. ಅಂದಹಾಗೆ, ತಕೆಮಿತ್ಸು ಎಂಬುದರ ‘ತಕೆ’ ಬಿದಿರಲ್ಲ. ಉಚ್ಚಾರ ಒಂದೇ, ಬರೆಯುವ ಅಕ್ಷರ ಬೇರೆ. ಬೇಸ್ತು ಬೀಳಬೇಡಿ.

◆ 1977ರಲ್ಲಿ ಹಾರಿದ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ ಗೊರೊ ಯಮಾಗುಚಿ ಶಕುಹಚಿಯಲ್ಲಿ ನುಡಿಸಿದ ‘ತ್ಸುರು ನೊ ಸುಗೊಮೊರಿ’ ಇದೆ. ಗೂಡುಕಟ್ಟಿದ ಕ್ರೌಂಚಗಳ ಕೃತಿ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ನಮ್ಮ ಗೋವೆಯ ಕಡೆಯ ಹೆಣ್ಣುಮಗಳ ದನಿಗೆ ಜಪಾನಿನ ಬಿದಿರು ಜೊತೆಗಾರ.

◆ ಇಷ್ಟಾದರೂ ಜಗತ್ತಿನ ಬಹುಪಾಲು ಜನ ಶಕುಹಚಿ ಎಂದು ಕೇಳಿದ್ದು ಬಿದಿರಿನಿಂದ ಬಂದದ್ದಲ್ಲ, ಯಂತ್ರದ್ದು. ಇಂಗ್ಲಿಷ್ ಗಾಯಕ ಪೀಟರ್ ಗೇಬ್ರಿಯಲ್‌ನ 1986ರ ‘ಸ್ಲೆಡ್ಜ್‌ಹ್ಯಾಮರ್’ ಹಾಡಿನ ಮೊದಲಿಗೆ ಕೇಳುವ ಕೊಳಲು ಎಮ್ಯುಲೇಟರ್ ಎಂಬ ಕೀಬೋರ್ಡಿನಲ್ಲಿ ತುಂಬಿಟ್ಟಿದ್ದ ಶಕುಹಚಿ ತುಣುಕು. ಆ ತುಣುಕು ಆಮೇಲೆ ಎಷ್ಟೋ ಹಾಡಿಗೆ, ಜಾಹೀರಾತಿಗೆ ಹೋಯಿತು.

◆ ಕೊನೆಗೊಂದು ಶ್ರೀಮಂತರ ಹವ್ಯಾಸ. 1930ರ ದಶಕದಲ್ಲಿ ಉದ್ಯಮಿ ಬ್ಯಾರನ್ ಕಿಶಿಚಿರೊ ಒಕುರಾ ಅವರಿಗೆ ಶಕುಹಚಿಯ ಬಾಯಿಯನ್ನು ಪಾಶ್ಚಾತ್ಯ ಕೊಳಲಿನ ಲೋಹದ ಕೊಳವೆಗೆ, ಅದರ ಕೀಲಿಗಳಿಗೆ ಜೋಡಿಸುವ ಮನಸ್ಸಾಯಿತು. ಜೋಡಿಸಿಯೂ ಬಿಟ್ಟರು. ಹೆಸರು? ತಮ್ಮ ಮನೆತನದ ‘ಒಕುರಾ’ಕ್ಕೆ ಗ್ರೀಕರ ಪ್ರಾಚೀನ ಊದುವಾದ್ಯ ‘ಔಲೋಸ್’ ಸೇರಿಸಿ ‘ಒಕುರಾಉಲೊ’ ಎಂದಿಟ್ಟರು. ಮಹಾಯುದ್ಧದ ನಂತರ ಅದು ಬಳಕೆ ತಪ್ಪಿತು. 1962ರಲ್ಲಿ ಟೋಕಿಯೋದಲ್ಲಿ ಅವರು ತೆರೆದ ಹೊಟೇಲ್ ಒಕುರಾ ಮಾತ್ರ ಜಗತ್ಪ್ರಸಿದ್ಧವಾಯಿತು.